ಕೆನ್ನೆಗೆ ಹಿಡಿದ ಹೊಸ ವರ್ಷ

ಬೆಳಕು ಹರಿಯುವ ಮುಂಚೆ ಅವಳು ಮುಗಿಸಬೇಕಾದ ಕೆಲಸಗಳು ಇವು: ನೀರು ಕಾಯಿಸಿ ಗಂಡನ ಫ್ಲಾಸ್ಕಿಗೆ ತುಂಬುವುದು, ಅವನ ಬಿಳಿ ಬೂಟಿನ ಧೂಳು ಒರೆಸಿ ಬಾಗಿಲ ಬಳಿ ಇಡುವುದು, ಅತ್ತೆಗೆಂದು ಉಪ್ಪಿಲ್ಲದ ತರಕಾರಿಯನ್ನು ಬೇರೆ ಪಾತ್ರೆಯಲ್ಲಿ ಬೇಯಲು ಇಡುವುದು, ಅತ್ತೆಯ ಕಣ್ಣಿಗೆ ಔಷಧದ ಹನಿ ಬಿಡುವುದು, ಬಾಲ್ಕನಿಯ ಕುಂಡಗಳಿಗೆ ನೀರು ಹಾಕಿ ಒಣಗಿದ ಎಲೆ ಕೀಳುವುದು, ಮಗಳಿಗೆಂದು ನೆನೆಸಿದ ಕಾಳಿನ ನೀರು ಬಸಿದು ಡಬ್ಬಿಗೆ ತುಂಬುವುದು, ಹಿಂದಿನ ರಾತ್ರಿಯ ಪಾತ್ರೆಗಳನ್ನು ತೊಳೆಯುವುದು. ಆಮೇಲೆ, ಇನ್ನೂ ಕತ್ತಲು ಉಳಿದಿದ್ದರೆ, ತನ್ನ ಮುಖ ತೊಳೆದುಕೊಳ್ಳುವುದು.

ಇದನ್ನೆಲ್ಲ ಯಾರೂ ಒಂದೇ ದಿನ ಕೂತು ಅವಳ ತಲೆಗೆ ಕಟ್ಟಿದ್ದಲ್ಲ. ಒಂದೊಂದು ಹೊಸ ವರ್ಷಕ್ಕೆ ಒಂದೊಂದು ಬಂದು ಸೇರಿಕೊಂಡದ್ದು.

ಒಂದು ವರ್ಷ ಗಂಡ, ನಾಳೆಯಿಂದ ದಿನಾ ಬೆಳಿಗ್ಗೆ ವಾಕಿಂಗು ಎಂದು ನಿರ್ಧಾರ ಮಾಡಿದ. ಬಿಳಿ ಬೂಟು ಬಂತು. ವಾಕಿಂಗಿಗೆ ಮುಂಚೆ ಬಿಸಿನೀರು ಕುಡಿಯಬೇಕು ಎಂದು ಯಾರೋ ಹೇಳಿದರು, ಫ್ಲಾಸ್ಕು ಬಂತು. ಬಾಗಿಲು ತೆಗೆಯಲು, ನೀರು ಕಾಯಿಸಲು, ಕಾಲುಚೀಲ ಹುಡುಕಿಕೊಡಲು ಅವಳು ಅವನಿಗಿಂತ ಮುಂಚೆ ಏಳತೊಡಗಿದಳು. ಚಳಿ ಜೋರಾದ ವಾರ ಅವನು ವಾಕಿಂಗು ನಿಲ್ಲಿಸಿದ. ಬಿಸಿನೀರು ನಿಲ್ಲಲಿಲ್ಲ. ಬೂಟನ್ನು ಹಾಕಿಕೊಂಡೇ ಅವನು ಈಗಲೂ ಪೇಪರ್ ಓದಲು ಕೂರುತ್ತಾನೆ.

ಇನ್ನೊಂದು ವರ್ಷ ಅತ್ತೆ ಉಪ್ಪು ಬಿಟ್ಟರು. ಅವರ ತರಕಾರಿ ಬೇರೆ ಪಾತ್ರೆಗೆ ಹೋಯಿತು. ಈಗ ಅತ್ತೆ ಉಪ್ಪಿಲ್ಲದ ತರಕಾರಿಯನ್ನು ತಟ್ಟೆಗೆ ಹಾಕಿಸಿಕೊಂಡು, ಅದರ ಮೇಲೆ ಧಾರಾಳವಾಗಿ ಉಪ್ಪು ಉದುರಿಸಿಕೊಂಡು ತಿನ್ನುತ್ತಾರೆ. ಮಗಳು ಒಂದು ವರ್ಷ ಗಿಡ ಬೆಳೆಸಲು ಹೊರಟಳು, ಮತ್ತೊಂದು ವರ್ಷ ವ್ಯಾಯಾಮ. ಎರಡರಿಂದ ಉಳಿದದ್ದು ಕುಂಡಗಳು ಮತ್ತು ಕಾಳು. ಎಲ್ಲಕ್ಕಿಂತ ದುಬಾರಿಯಾಗಿದ್ದು ಗಂಡನದೇ ಇನ್ನೊಂದು ನಿರ್ಧಾರ: ರಾತ್ರಿಯ ಪಾತ್ರೆ ಇನ್ನು ಮೇಲೆ ನನ್ನದು, ನೀನು ಮುಟ್ಟಬೇಡ, ಸಿಂಕಿನಲ್ಲೇ ಬಿಡು. ಅವಳು ಬಿಟ್ಟಳು. ಅವನು ಕೆಲವು ದಿನ ತೊಳೆದ. ಆಮೇಲೆ ಬಿಡುವ ಅಭ್ಯಾಸ ಮಾತ್ರ ಉಳಿಯಿತು. ರಾತ್ರಿಯೇ ಮುಗಿದುಹೋಗುತ್ತಿದ್ದ ಪಾತ್ರೆಗಳು ಅಂಟಿಕೊಂಡ ಜಿಡ್ಡಿನ ಸಮೇತ ಬೆಳಗಿನ ಪಾಲಿಗೆ ಬಂದವು.

ಯಾರ ನಿರ್ಧಾರದ ನಂಟೂ ಇಲ್ಲದ ಕೆಲಸ ಅದರಲ್ಲಿ ಒಂದೇ, ಅತ್ತೆಯ ಕಣ್ಣಿನ ಹನಿ. ಅದು ಡಾಕ್ಟರು ಹೇಳಿದ್ದು.

ಹಾಗಾಗಿ ಡಿಸೆಂಬರ್ ಕೊನೆಯಾಗುತ್ತಿದ್ದ ಹಾಗೆ ಅವಳು ಮನೆಯವರ ಒಂದೊಂದು ಮಾತಿಗೂ ಕಿವಿಗೊಡತೊಡಗುತ್ತಿದ್ದಳು. ಈ ಮನೆಯಲ್ಲಿ ಯಾರಾದರೂ ಒಳ್ಳೆಯವರಾಗಲು ಹೊರಟರೆ ಅವಳ ನಿದ್ದೆ ಕಡಿಮೆಯಾಗುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅನುಮಾನಪಡುವುದು ಅವಳ ಕಸುಬು. ಕರೆಂಟಿನ ಕಂಬ ಹತ್ತುವವರು ಹಾಕಿಕೊಳ್ಳುವ ದಪ್ಪ ರಬ್ಬರ್ ಕೈಗವಸು ಮಾಡುವ ಕಾರ್ಖಾನೆಯಲ್ಲಿ ಅವಳು ಗಾಳಿ ಪರೀಕ್ಷೆ ಮಾಡುವವಳು. ಕೈಗವಸಿನ ಬಾಯನ್ನು ಎರಡೂ ಕೈಯಲ್ಲಿ ಹಿಡಿದು, ಗಾಳಿ ಒಳಗೆ ಸಿಕ್ಕಿಹಾಕಿಕೊಳ್ಳುವಂತೆ ಸುರುಳಿ ಸುತ್ತಬೇಕು. ಐದೂ ಬೆರಳು ಉಬ್ಬಿ ನಿಲ್ಲುತ್ತವೆ. ಅದನ್ನು ಕೆನ್ನೆಯ ಹತ್ತಿರ ಹಿಡಿದು ಒತ್ತಬೇಕು. ಸೂಜಿಮೊನೆಯಷ್ಟು ತೂತಿದ್ದರೂ ಕೆನ್ನೆಗೆ ತಣ್ಣಗೆ ಗೊತ್ತಾಗುತ್ತದೆ, ಕಿವಿಗೆ ಸಣ್ಣಗೆ ಕೇಳುತ್ತದೆ. ಆಮೇಲೆ ಕೈಗವಸನ್ನು ಒಳಹೊರಗು ಮಾಡಿ ಮತ್ತೆ ಒತ್ತಬೇಕು. ಎರಡು ಸಲವೂ ಸುಮ್ಮನಿದ್ದರೆ ಮಾತ್ರ ಸೀಲು. ಒಬ್ಬೊಬ್ಬ ಪರೀಕ್ಷಕಿಗೂ ಒಂದೊಂದು ಸೀಲು. ಒಬ್ಬರ ಸೀಲನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಪಕ್ಕದವಳು ನೀರು ಕುಡಿಯಲು ಹೋದಾಗ ಸಹಾಯಕ್ಕೆಂದು ಅವಳ ಸೀಲು ಒತ್ತಿದರೂ ಆ ರೂಮಿನಲ್ಲಿ ಅದು ಕಳ್ಳತನಕ್ಕೆ ಸಮ.

ಅವಳ ಕೆನ್ನೆ ಕಾರ್ಖಾನೆಯಿಂದ ಹೊರಗೆ ಬಂದ ಮೇಲೂ ಸುಮ್ಮನಿರುತ್ತಿರಲಿಲ್ಲ. ಅಂಗಡಿಯಲ್ಲಿ ಹಾಲಿನ ಪ್ಯಾಕೆಟ್ಟನ್ನು ಕೆನ್ನೆಗೆ ಒತ್ತಿ ನೋಡಿಯೇ ತೆಗೆದುಕೊಳ್ಳುತ್ತಿದ್ದಳು. "ಅಕ್ಕಾ, ಹಾಲಿಗೆ ಮುತ್ತು ಕೊಡ್ಬೇಡಿ, ಬೇರೆಯವರೂ ತಗೋಬೇಕು" ಎಂದು ಅಂಗಡಿಯವಳು ಒಮ್ಮೆ ರೇಗಿದ್ದಳು. ಆ ಮಾತು ಕಾರ್ಖಾನೆ ತಲುಪಿದ ದಿನದಿಂದ ಅವಳಿಗೆ ಅನುಮಾನಕ್ಕ ಎಂದೇ ಹೆಸರಾಯಿತು. ಅವಳೂ ಬೇಜಾರು ಮಾಡಿಕೊಳ್ಳಲಿಲ್ಲ. ಮಗಳು ಶಾಲೆಗೆ ಸೇರಿದ ವರ್ಷ ಅವಳು ಕೆಲಸಕ್ಕೆ ಹೊರಟಾಗ ಮನೆಯಲ್ಲಿ "ಸ್ವಲ್ಪ ದಿನ ಹೋಗಿ ಬರಲಿ" ಎಂದಿದ್ದರು. ಆ ಸ್ವಲ್ಪ ದಿನ ಇನ್ನೂ ಮುಗಿದಿರಲಿಲ್ಲ. ಮಗಳು ಈಗ ದೊಡ್ಡ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ.

ಆ ಡಿಸೆಂಬರಿನಲ್ಲಿ ಒಂದು ಸಂಗತಿ ನಡೆಯಿತು. ಪರೀಕ್ಷಾ ರೂಮಿನ ಹಿರಿಯರು, ಎಲ್ಲರೂ ದೊಡ್ಡಕ್ಕ ಎಂದು ಕರೆಯುತ್ತಿದ್ದವರು, ನಿವೃತ್ತಿಯಾಗುವವರಿದ್ದರು. ಎಲ್ಲರೂ ನೋಡಿ ಮುಗಿಸಿದ ಮೇಲೆ ಕೊನೆಯದಾಗಿ ನೋಡುವವರು ಅವರು. ಬಾಗಿಲ ಪಕ್ಕದ ಎತ್ತರದ ಸ್ಟೂಲು ಅವರದು. ಅವರ ಸೀಲು ಬಿದ್ದರೆ ಮಾಲು ಹೊರಗೆ ಹೋಗುತ್ತದೆ. ರಬ್ಬರ್ ಅದ್ದುವ ಯಂತ್ರಗಳು ಶುರುವಾದರೆ ತೀರಾ ಸಣ್ಣ ಸದ್ದು ಕಿವಿಗೆ ಸಿಗುವುದಿಲ್ಲವಾದ್ದರಿಂದ, ಹಿಂದಿನ ದಿನದ ಮಾಲನ್ನು ನೋಡಲು ಆ ಸ್ಟೂಲಿನವರು ಮಾತ್ರ ಕತ್ತಲಿರುವಾಗಲೇ ಬಂದು ಕೂರಬೇಕು.

"ಸ್ಟೂಲು ನಿಂಗೇ" ಎಂದಿದ್ದರು ದೊಡ್ಡಕ್ಕ. "ಇನ್‌ಚಾರ್ಜ್ ಹತ್ರ ಮಾತಾಡಿದೀನಿ. ಹೊಸ ವರ್ಷದ ಮೊದಲ ಸೋಮವಾರದಿಂದ. ಬೆಳಿಗ್ಗೆ ಬೇಗ ಬರಬೇಕು, ಮಧ್ಯಾಹ್ನವೇ ಬಿಡುಗಡೆ. ಮನೇಲಿ ಕೇಳ್ಕೊಂಡು ಹೇಳು."

ಮಧ್ಯಾಹ್ನದ ಮೇಲೆ ತನ್ನದೇ ಹೊತ್ತು! ಆ ಯೋಚನೆಯನ್ನು ಅವಳು ಹಲವು ದಿನ ಒಳಗೇ ಇಟ್ಟುಕೊಂಡು ಓಡಾಡಿದಳು. ಊಟ ಬಡಿಸುವಾಗ ಒಮ್ಮೆ ಹೇಳಿದಳು ಕೂಡ. ಗಂಡ "ಹೌದಾ, ಭೇಷ್" ಎಂದ. ಮೇಜಿನ ಕೆಳಗೆ ಅವನ ಕಾಲು ನೆಲವನ್ನು ಒತ್ತಿದ್ದು ಅವಳಿಗೆ ಕಂಡಿತು.

ಅವನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಲಿಯುವವರ ಪಕ್ಕದ ಸೀಟಿನಲ್ಲಿ ಅವನಿಗೆಂದೇ ಇನ್ನೊಂದು ಬ್ರೇಕು ಇತ್ತು. ವರ್ಷಗಟ್ಟಲೆ ಒತ್ತಿ ಒತ್ತಿ, ಮನೆಯಲ್ಲಿ ಕೂತಿದ್ದಾಗಲೂ ಯಾರಾದರೂ ತನಗೆ ಸರಿಬರದ ಕಡೆ ತಿರುಗಿದರೆ ಅವನ ಕಾಲು ತಾನಾಗಿ ನೆಲ ಒತ್ತುತ್ತಿತ್ತು.

ವರ್ಷದ ಕೊನೆಯ ಸಂಜೆ ಮಗಳು ಆಫೀಸಿನಿಂದ ಏನೋ ಹೊಸದನ್ನು ಕಲಿತುಕೊಂಡು ಬಂದಳು. ಊಟ ಮುಗಿಯುತ್ತಲೇ ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿ, "ಈ ಸಲ ಯಾರೂ ನಿರ್ಧಾರ ಗಿರ್ಧಾರ ಅಂತ ಮಾಡೋ ಹಾಗಿಲ್ಲ. ನಮಗೆ ಟ್ರೇನಿಂಗ್ ಕೊಟ್ಟರು. ನಿರ್ಧಾರ ಮಾಡಿದ್ರೆ ಮುರಿಯುತ್ತೆ, ಮುರಿದ್ರೆ ಮನಸ್ಸಿಗೆ ಬೇಜಾರು. ಅದರ ಬದಲು ಒಂದು ಆಶಯ ಇಟ್ಕೋಬೇಕು. ಒಂದೇ ಒಂದು ಪದ. ವರ್ಷ ಪೂರ್ತಿ ಆ ಕಡೆ ಮುಖ ಮಾಡಿ ಇರೋದು, ಅಷ್ಟೇ" ಎಂದಳು.

ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಅಂದ್ರೆ ಮಾಡಲ್ಲ ಅಂತ ಮೊದಲೇ ಹೇಳಿಬಿಡೋದಾ?"

"ಅಜ್ಜಿ! ಹಾಗಲ್ಲ. ಒತ್ತಡ ಇಲ್ಲದೇ ಇರೋದು."

"ಯಾರಿಗೆ?"

ಮಗಳು ಅಪ್ಪನ ಕಡೆ ತಿರುಗಿದಳು. "ಅಪ್ಪ, ನೀನು ಮೊದಲು ಹೇಳು."

ಗಂಡ ಕುರ್ಚಿಗೆ ಒರಗಿದ. ಪರೀಕ್ಷೆಯಲ್ಲಿ ಸುಲಭದ ಪ್ರಶ್ನೆ ಬಂದ ಹುಡುಗನ ಮುಖವಾಗಿತ್ತು ಅದು. "ನೆಮ್ಮದಿ" ಎಂದ.

"ಚೆನ್ನಾಗಿದೆ ಅಪ್ಪ! ನಂದು ಹಗುರ. ಯಾವುದನ್ನೂ ತಲೆ ಮೇಲೆ ಹೊತ್ಕೊಳ್ಳದೇ ಇರೋದು. ಅಜ್ಜಿ, ನಿಂದು?"

"ಉಪ್ಪು" ಎಂದರು ಅತ್ತೆ. ಎಲ್ಲರೂ ನಕ್ಕರು. ಅನುಮಾನಕ್ಕನೂ ನಕ್ಕಳು. ನಗುವಾಗಲೇ ಅವಳ ಮನಸ್ಸು ಒಂದೊಂದನ್ನೂ ಸುರುಳಿ ಸುತ್ತಿ ಕೆನ್ನೆಗೆ ಹಿಡಿಯುತ್ತಿತ್ತು. ನಿರ್ಧಾರವಾದರೆ ಮುರಿದಾಗ ಸಿಕ್ಕಿಬೀಳುತ್ತದೆ. ವಾಕಿಂಗು ಎಲ್ಲಿ ಹೋಯಿತು ಎಂದು ಕೇಳಬಹುದು. ನೆಮ್ಮದಿ ಎಲ್ಲಿ ಹೋಯಿತು ಎಂದು ಯಾರನ್ನು ಕೇಳುವುದು? ಗಂಡನ ನೆಮ್ಮದಿ ಕೆಟ್ಟರೆ ಅದು ಕೆಡಿಸಿದವಳ ತಪ್ಪಾಗುತ್ತದೆ. ಮಗಳು ಹಗುರವಾದರೆ ಆ ಭಾರ ಎಲ್ಲಿಗೆ ಇಳಿಯುತ್ತದೆ? ಇಳಿಯುವ ಜಾಗ ಈ ಮನೆಯಲ್ಲಿ ಒಂದೇ ಇರುವುದು.

"ಅಮ್ಮ, ಈಗ ನಿಂದು."

ಮೂರೂ ಮುಖಗಳು ಅವಳ ಕಡೆ ತಿರುಗಿದವು. ಹಿಂದಿನ ಯಾವ ವರ್ಷವೂ ಅವಳ ಸರದಿ ಬಂದಿರಲಿಲ್ಲ. ಆ ಹೊತ್ತಿಗೆ ಅವಳು ಅಡುಗೆಮನೆಯಲ್ಲಿ ಇರುತ್ತಿದ್ದಳು. ಯಾರಿಗೂ ಅದು ಕೊರತೆ ಅನ್ನಿಸಿರಲೂ ಇಲ್ಲ. ಈಗ ಇದ್ದಕ್ಕಿದ್ದ ಹಾಗೆ ಇಷ್ಟು ಅಕ್ಕರೆ ಯಾಕೆ? ಮಗಳು ಅವತ್ತು ಬರುವಾಗ ಅವಳಿಗೆಂದು ಕೈಗೆ ಹಚ್ಚಿಕೊಳ್ಳುವ ಕ್ರೀಮು ಬೇರೆ ತಂದಿದ್ದಳು.

"ನಾನಿನ್ನೂ ಯೋಚನೆ ಮಾಡಿಲ್ಲ" ಎಂದಳು.

"ಅವಳದು ನಾನು ಹೇಳ್ತೀನಿ" ಎಂದ ಗಂಡ. ದನಿ ಬೆಣ್ಣೆಯಂತಿತ್ತು. "ವಿಶ್ರಾಂತಿ. ಎಷ್ಟು ವರ್ಷದಿಂದ ದುಡೀತಿದ್ದಾಳೆ ಪಾಪ. ಈ ವರ್ಷ ಅವಳ ಆಶಯ ವಿಶ್ರಾಂತಿ. ಏನಂತೀಯ?"

"ಅಯ್ಯೋ ಎಷ್ಟು ಒಳ್ಳೆ ಪದ!" ಎಂದಳು ಮಗಳು.

ಅನುಮಾನಕ್ಕ ಏನೂ ಅನ್ನಲಿಲ್ಲ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಎದ್ದಳು. ಸಿಂಕಿನಲ್ಲಿ ಪಾತ್ರೆಗಳು ಎಂದಿನಂತೆ ಬೆಳಗಿಗೆ ಕಾಯುತ್ತಿದ್ದವು. ಮದುವೆಯಾದಾಗಿನಿಂದ ಒಮ್ಮೆಯೂ ಆ ಬಾಯಿಂದ ಬರದ ಪದ ಇವತ್ತು ಯಾಕೆ ಬಂತು? ಇದರ ಹಿಂದೆ ಏನೋ ಇದೆ ಎಂದುಕೊಂಡಳು. ಏನೋ ಅಲ್ಲ, ದೊಡ್ಡದೇ ಇದೆ.

ಹೊಸ ವರ್ಷದ ದಿನ ರಜೆ. ಗಂಡ ಬೆಳಿಗ್ಗೆಯೇ ಗಡ್ಡ ಬೋಳಿಸಿಕೊಂಡು, ಹೊಸ ಶರ್ಟು ಹಾಕಿಕೊಂಡು, ಶಿಳ್ಳೆ ಹೊಡೆಯುತ್ತ ಹೊರಟ.

"ರಜಾ ದಿನ ಎಲ್ಲಿಗೆ?"

"ಒಂದು ಕ್ಲಾಸಿದೆ."

"ಯಾರಿಗೆ?"

"ಯಾರಿಗೋ ಒಬ್ಬರಿಗೆ, ಬಿಡೆ. ಹೊಸ ವರ್ಷದ ದಿನವೂ ಕಾಟ ಕೊಡ್ತೀಯಲ್ಲ" ಎಂದು ನಗುತ್ತ ಮೆಟ್ಟಿಲಿಳಿದ.

ಹೆಂಡತಿಯನ್ನು ಮನೆಯಲ್ಲಿ ವಿಶ್ರಾಂತಿಗೆ ಇಟ್ಟು ಶಿಳ್ಳೆ ಹೊಡೆಯುತ್ತ ಹೋಗುವ ಗಂಡನ ಬಗ್ಗೆ ಯಾವ ಹೆಂಗಸಾದರೂ ಏನು ಅಂದುಕೊಳ್ಳುತ್ತಾಳೆ? ಅವಳೂ ಅದನ್ನೇ ಅಂದುಕೊಂಡಳು. ಅದು ಸಾಲದೆಂಬಂತೆ ಇನ್ನೂ ಕೆಲವನ್ನು ಸೇರಿಸಿಕೊಂಡಳು. ತನಗೇನಾದರೂ ಕಾಯಿಲೆಯಿದ್ದು, ಡಾಕ್ಟರು ಅವನಿಗೆ ಮಾತ್ರ ಹೇಳಿರಬಹುದೇ? ಮಗಳು ಬೇರೆ ಮನೆ ಮಾಡುತ್ತಿದ್ದಾಳೆಯೇ? ಊರಲ್ಲಿರುವ ನಾದಿನಿ ಮಕ್ಕಳನ್ನು ಇಲ್ಲಿ ಬಿಟ್ಟು ಹೋಗಲು ಹೊರಟಿದ್ದಾಳೆಯೇ? ಒಂದು ತೂತು ಹುಡುಕಲು ಹೊರಟವಳಿಗೆ ಇಡೀ ಮನೆಯೇ ಜರಡಿಯಂತೆ ಕಾಣಿಸತೊಡಗಿತು.

ಮೊದಲು ಅತ್ತೆಯನ್ನು ಒತ್ತಿ ನೋಡಿದಳು. ಕಣ್ಣಿಗೆ ಹನಿ ಬಿಟ್ಟ ಮೇಲೆ ಅವರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಮಲಗಿರಬೇಕು. ಕಣ್ಣು ಮುಚ್ಚಿರುವವರು ಮುಖವನ್ನು ಕಾಯ್ದುಕೊಳ್ಳುವುದಿಲ್ಲ ಎಂದು ಅವಳ ಲೆಕ್ಕಾಚಾರ.

"ಅತ್ತೆ, ನಾನು ಕೆಲಸ ಬಿಟ್ಟು ಮನೇಲೇ ಇರೋಣ ಅಂತಿದೀನಿ."

ಅತ್ತೆಯ ಮುಖದಲ್ಲಿ ಏನೂ ಅಲ್ಲಾಡಲಿಲ್ಲ. "ಇದ್ದು?"

"ವಿಶ್ರಾಂತಿ."

"ನೀನು ಮನೇಲಿದ್ರೆ ನಂಗೆ ಒಳ್ಳೇದೇ. ಮಧ್ಯಾಹ್ನ ಟೀ ಸಿಗುತ್ತೆ, ಜಗಳಕ್ಕೆ ಜನ ಸಿಗುತ್ತೆ. ಆದ್ರೆ ಅದಕ್ಕೆ ವಿಶ್ರಾಂತಿ ಅಂತ ಹೆಸರಿಡಬೇಡ." ಮುಚ್ಚಿದ ಕಣ್ಣಿನಿಂದ ಔಷಧ ಕೆನ್ನೆಗೆ ಇಳಿಯಿತು, ಒರೆಸಿಕೊಂಡರು. "ನಾನೂ ಹಾಗೇ ವಿಶ್ರಾಂತಿ ಅಂತ ಮನೇಲಿ ಕೂತವಳು. ಆಮೇಲೆ ನಾನು ಕೂತಿದ್ದನ್ನ ಒಬ್ಬರೂ ನೋಡ್ಲಿಲ್ಲ."

ಅತ್ತೆಯಲ್ಲಿ ತೂತಿರಲಿಲ್ಲ. ಅದು ಅನುಮಾನಕ್ಕನಿಗೆ ಆಶ್ಚರ್ಯ ತಂದಿತು, ಸ್ವಲ್ಪ ನಿರಾಸೆಯನ್ನೂ.

ಉಳಿದವಳು ಮಗಳು. ಎಲ್ಲ ಶುರುಮಾಡಿದ್ದು ಅವಳೇ. ಆಶಯದ ಮಾತು ತಂದವಳು ಅವಳು, ಕ್ರೀಮು ತಂದವಳು ಅವಳು. ಸಂಜೆ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿದ್ದವಳ ಹಿಂದೆ ಹೋಗಿ ನಿಂತಳು.

"ನಿಜ ಹೇಳು. ನಿಮ್ಮಪ್ಪ ಹೇಳಿಕೊಟ್ಟಿದ್ದು ತಾನೇ ಇದೆಲ್ಲ?"

"ಯಾವುದೆಲ್ಲ?"

"ಆಶಯ, ಒಂದು ಪದ, ನನ್ನ ಕೇಳಿದ್ದು."

ಮಗಳು ಬಾಚಣಿಗೆ ಇಳಿಸಿದಳು. "ಅಮ್ಮ, ನಿನ್ನ ಏನು ಬೇಕು ಅಂತ ಕೇಳೋದೂ ತಪ್ಪಾ? ಟ್ರೇನಿಂಗಲ್ಲಿ ಎಲ್ಲರಿಗೂ ಹೇಳಿದ್ರು, ನಿಮ್ಮ ಮನೇಲಿ ಯಾರನ್ನ ಇಷ್ಟು ದಿನ ಕೇಳಿಲ್ಲವೋ ಅವರನ್ನ ಕೇಳಿ ಅಂತ. ನಂಗೆ ನೀನೇ ನೆನಪಾದೆ. ಅಲ್ಲೇ ಕೂತು ಅತ್ತುಬಿಟ್ಟೆ, ಗೊತ್ತಾ? ಎಲ್ಲರೂ ನೋಡ್ತಿದ್ರು." ಅವಳ ಕಣ್ಣು ನಿಜವಾಗಿಯೂ ತುಂಬಿಕೊಂಡಿತ್ತು. "ನೀನು ಮಾತ್ರ ಎಲ್ಲದರಲ್ಲೂ ತೂತು ಹುಡುಕ್ತೀಯ."

ತಾಯಿ ಬೆಪ್ಪಾದಳು. ಒಳ್ಳೆಯ ಮಾಲನ್ನು ಕೆಟ್ಟದ್ದೆಂದು ಪಕ್ಕಕ್ಕೆ ಎಸೆದರೆ ಅದೂ ತಪ್ಪೇ. ಆ ತಪ್ಪಿಗೆ ಕಾರ್ಖಾನೆಯಲ್ಲಿ ಬೈಗುಳವಿದೆ. ಮಗಳ ತಲೆ ಸವರಿದಳು. "ಹೋಗಲಿ ಬಿಡು, ನನ್ನ ಬುದ್ಧಿಯೇ ಹಾಗೆ."

"ಪರವಾಗಿಲ್ಲ ಅಮ್ಮ" ಎಂದು ಮಗಳು ಮೂಗೊರೆಸಿಕೊಂಡಳು. ಕುರ್ಚಿಯ ಮೇಲಿದ್ದ ಅಂಗಿಯನ್ನು ಎತ್ತಿ ಕೊಟ್ಟಳು. "ನಾಳೆಗೆ ಇದೊಂದು ಇಸ್ತ್ರಿ ಮಾಡಿಟ್ಟಿರ್ತೀಯಾ?"

ಅನುಮಾನಕ್ಕ ಅಂಗಿಯನ್ನು ಹಿಡಿದುಕೊಂಡು ನಿಂತಳು. ಪ್ರೀತಿಯಲ್ಲಿ ತೂತಿರಲಿಲ್ಲ. ಆದರೆ ಒಳಹೊರಗು ಮಾಡಿ ನೋಡಿದರೆ ಒಂದು ಇತ್ತು, ಮಗಳಿಗೇ ಗೊತ್ತಿಲ್ಲದ್ದು.

ಮರುದಿನ ಕಾರ್ಖಾನೆಯಲ್ಲಿ ದೊಡ್ಡಕ್ಕ ಅವಳ ಜೊತೆ ಮಾತಾಡಲಿಲ್ಲ. ಪರೀಕ್ಷಾ ರೂಮಿನಲ್ಲಿ ಕೆಲಸದ ಹೊತ್ತು ಯಾರೂ ಮಾತಾಡುವುದಿಲ್ಲ, ಸದ್ದಾದರೆ ಗಾಳಿ ಕೇಳಿಸುವುದಿಲ್ಲ. ಆದರೆ ಸುಮ್ಮನಿರುವುದರಲ್ಲೂ ಬಗೆಗಳಿವೆ. ಇದು ಮುಖ ತಿರುಗಿಸಿಕೊಂಡ ಮೌನ. ಟೀ ಬಿಡುವಿನಲ್ಲಿ ಅವಳೇ ಹೋಗಿ ಪಕ್ಕದಲ್ಲಿ ಕೂತಳು. ಇಬ್ಬರ ಹುಬ್ಬಿನ ಮೇಲೂ ಕೈಗವಸಿನ ಬಿಳಿ ಪೌಡರು.

"ಏನಾಯ್ತು ದೊಡ್ಡಕ್ಕ?"

"ಏನೂ ಆಗಿಲ್ಲ. ನೀನು ನಂಗೆ ನೇರವಾಗಿ ಹೇಳಬಹುದಿತ್ತು. ಗಂಡನ ಕೈಲಿ ಹೇಳಿ ಕಳಿಸೋದು ಏನು?"

"ಏನು ಹೇಳಿ ಕಳಿಸಿದೆ ನಾನು?"

ದೊಡ್ಡಕ್ಕ ಟೀ ಲೋಟ ಕೆಳಗಿಟ್ಟರು. ನಿವೃತ್ತಿಯಾದ ಮೇಲೆ ಕಾರು ಓಡಿಸಬೇಕೆಂಬುದು ಅವರ ಬಹಳ ದಿನದ ಆಸೆ. ಅನುಮಾನಕ್ಕನೇ ಅವರನ್ನು ತನ್ನ ಗಂಡನ ಡ್ರೈವಿಂಗ್ ಸ್ಕೂಲಿಗೆ ಸೇರಿಸಿದ್ದಳು.

"ನಿನ್ನೆ ರಜಾ ಅಲ್ವಾ, ರೋಡು ಖಾಲಿ ಇರುತ್ತೆ, ಬನ್ನಿ ಅಂತ ಕರೆದ್ರು ನಿಮ್ಮ ಯಜಮಾನ್ರು. ಹೋದೆ. ಕ್ಲಚ್ಚು ಬಿಡೋಕೆ ಒದ್ದಾಡ್ತಿದ್ದೆ, ಆಗ ಹೇಳಿದ್ರು. ಮನೇಲಿ ಎಲ್ಲರೂ ಕೂತು ಆಶಯ ಇಟ್ಕೊಂಡ್ವಿ, ಅವಳದು ವಿಶ್ರಾಂತಿ, ನಿಮಗೆ ಹೇಳೋಕೆ ಸಂಕೋಚ ಅವಳಿಗೆ ಅಂತ. ನನ್ನ ಗಾಡಿ ಅಲ್ಲೇ ಆಫ್ ಆಯ್ತು."

ಅನುಮಾನಕ್ಕ ಒಂದೊಂದನ್ನೂ ಜೋಡಿಸಿ ನೋಡಿದಳು. ಶಿಳ್ಳೆ, ಹೊಸ ಶರ್ಟು, ಯಾರಿಗೋ ಒಬ್ಬರಿಗೆ ಕ್ಲಾಸು. ಹೆಂಗಸನ್ನೇ ನೋಡಲು ಹೋಗಿದ್ದ, ನಿಜ. ಆ ಹೆಂಗಸು ಇವಳ ಎದುರಿಗೇ ಟೀ ಕುಡಿಯುತ್ತಿದ್ದಳು.

"ನಾನು ಹೇಳಿಲ್ಲ ದೊಡ್ಡಕ್ಕ. ಅವರು ಹೇಳಿದ್ರು. ನಾನು ಹೂಂ ಅನ್ಲಿಲ್ಲ."

"ಬೇಡ ಅಂದ್ಯಾ?"

ಅವಳು ಹುಬ್ಬಿನ ಪೌಡರನ್ನು ಒರೆಸಿಕೊಂಡಳು.

"ನೋಡು" ಎಂದರು ದೊಡ್ಡಕ್ಕ. ಅವರ ದನಿ ಈಗ ಇಳಿದಿತ್ತು. "ನಿನ್ನ ಸೀಲು ಬೇರೆಯವರು ಒತ್ತಿದ್ರು. ಈ ರೂಮಲ್ಲಾಗಿದ್ರೆ ನೀನು ರಂಪ ಮಾಡ್ತಿದ್ದೆ. ನಾನಂತೂ ಇನ್‌ಚಾರ್ಜ್ ಹತ್ರ ಸ್ಟೂಲಿಗೆ ನಮ್ಮ ರೂಮಿನ ಆ ಉದ್ದದ ಹುಡುಗಿ ಹೆಸರೂ ಹೇಳಿಬಿಟ್ಟೆ. ಈಗ ಯಾರ ಪರವೂ ಮಾತಾಡಲ್ಲ. ಸೋಮವಾರ ಬೆಳಿಗ್ಗೆ ನಾನು ಬರ್ತೀನಿ, ಕೊನೇ ಸಲ. ನೀನು ಬಂದಿದ್ರೆ ಸ್ಟೂಲು ನಿಂದು. ಇಲ್ಲಾಂದ್ರೆ ಅವಳಿಗೆ. ನಾನು ಕರೆಯೋಕೂ ಬರಲ್ಲ, ಕೇಳೋಕೂ ಬರಲ್ಲ."

ಅಂದು ಸಂಜೆ ಅವಳು ಮನೆಗೆ ಬಂದಾಗ ಡ್ರೈವಿಂಗ್ ಸ್ಕೂಲಿನ ಕಾರು ಬೀದಿಯಲ್ಲಿ ನಿಂತಿತ್ತು. ಗಂಡ ತನ್ನ ಸೀಟಿನಲ್ಲಿ, ಅಂದರೆ ಕಲಿಸುವವನ ಸೀಟಿನಲ್ಲಿ ಕೂತು ಗಾಜು ಒರೆಸುತ್ತಿದ್ದ. ಅವಳು ಸುತ್ತಿ ಬಂದು ಈ ಕಡೆಯ ಬಾಗಿಲು ತೆಗೆದು ಸ್ಟೀರಿಂಗಿನ ಮುಂದೆ ಕೂತಳು. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವನು ಅವಳನ್ನು ಆ ಸೀಟಿನಲ್ಲಿ ಒಮ್ಮೆಯೂ ಕೂರಿಸಿರಲಿಲ್ಲ. ಅವನ ಕಾಲು ಥಟ್ಟನೆ ಬ್ರೇಕಿನ ಮೇಲೆ ಹೋಯಿತು.

"ಗಾಡಿ ಆಫ್ ಆಗಿದೆ ರೀ" ಎಂದಳು. "ನಿನ್ನೆ ಯಾರಿಗೆ ಕ್ಲಾಸಿತ್ತು?"

"ನಿಮ್ಮ ದೊಡ್ಡಕ್ಕಂಗೆ. ಯಾಕೆ?"

"ಅದಕ್ಕೆ ಹೊಸ ಶರ್ಟು ಯಾಕೆ?"

"ನೀನೇ ತೆಗೆದಿಟ್ಟಿದ್ದೆಯಲ್ಲೇ, ಮಂಚದ ಮೇಲೆ!"

ಅದು ನಿಜವಾಗಿತ್ತು. ಅವಳು ಮುಂದಿನದಕ್ಕೆ ಹೋದಳು. "ನನ್ನ ಹೆಸರಲ್ಲಿ ಅವರಿಗೆ ಏನು ಹೇಳಿದ್ರಿ?"

"ಏನು ಹೇಳಿದೆ? ನಿಂಗೆ ಸುಸ್ತಾಗುತ್ತೆ, ವಿಶ್ರಾಂತಿ ತಗೊಳ್ಳಲಿ ಅಂತ... ಅವತ್ತು ನೀನೂ ಬೇಡ ಅನ್ಲಿಲ್ಲ."

"ಇದರ ಹಿಂದೆ ಏನಿದೆ, ಹೇಳಿಬಿಡಿ. ನಂಗೆ ಕಾಯಿಲೇನಾ? ಡಾಕ್ಟರು ಏನಾದ್ರೂ ಅಂದ್ರಾ?"

"ಥೂ, ಬಿಡ್ತು ಅನ್ನು."

"ನಿಮ್ಮ ತಂಗಿ ಮಕ್ಕಳನ್ನ ತಂದು ಬಿಡ್ತಾಳಾ?"

"ಇಲ್ಲ ಮಾರಾಯ್ತಿ!"

"ಮತ್ತೆ ಇನ್ಯಾರು?"

"ಯಾರೂ ಇಲ್ಲ ಅಂದ್ನಲ್ಲ!" ಅವನು ಒರೆಸುವ ಬಟ್ಟೆಯನ್ನು ಮಡಿಚಿದ, ಬಿಚ್ಚಿದ, ಮತ್ತೆ ಮಡಿಚಿದ. "ಬೆಳಿಗ್ಗೆ ನೀನು ಕತ್ತಲಲ್ಲೇ ಎದ್ದು ಹೋಗಿಬಿಟ್ರೆ ಹೆಂಗೆ ಅಂತ. ಅಷ್ಟೇ."

"ಹೆಂಗೆ ಅಂದ್ರೆ?"

"ಅಂದ್ರೆ ಬಿಸಿನೀರು... ಅಮ್ಮನ ಕಣ್ಣಿನ ಹನಿ... ಇನ್ನೂ ಏನೇನೋ ಇರುತ್ತಲ್ಲ ಬೆಳಿಗ್ಗೆ. ನಂಗೆ ಪೂರ್ತಿ ಗೊತ್ತೂ ಇಲ್ಲ."

ಅವಳು ಕಾದಳು. ಇನ್ನೂ ಏನಾದರೂ ಬರಬಹುದೆಂದು ಅವನ ಮುಖವನ್ನೇ ನೋಡುತ್ತ ಕಾದಳು. ಬರಲಿಲ್ಲ. ಅಷ್ಟೇ ಇದ್ದದ್ದು. ಕಾಯಿಲೆಯಿಲ್ಲ, ಇನ್ನೊಬ್ಬಳಿಲ್ಲ. ಒಂದು ಫ್ಲಾಸ್ಕು ಬಿಸಿನೀರು. ಅದಕ್ಕಾಗಿ ಅವಳ ಸ್ಟೂಲನ್ನು ಖಾಲಿ ರೋಡಿನಲ್ಲಿ, ಕ್ಲಚ್ಚಿನ ಪಾಠದ ನಡುವೆ ಇನ್ನೊಬ್ಬಳಿಗೆ ದಾಟಿಸಿ, ಶಿಳ್ಳೆ ಹೊಡೆಯುತ್ತ ಮನೆಗೆ ಬಂದಿದ್ದ. ಇನ್ನೊಬ್ಬಳಿದ್ದಿದ್ದರೆ ಜಗಳಕ್ಕಾದರೂ ಒಂದು ಗಾತ್ರ ಇರುತ್ತಿತ್ತು ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಗುವೂ ಬಂತು.

"ನಗ್ತೀಯಾ? ನಾನು ನಿನ್ನ ಒಳ್ಳೇದಕ್ಕೇ ಹೇಳಿದ್ದು ಕಣೆ" ಎಂದ ಅವನು. ಅದೂ ಪೂರ್ತಿ ಸುಳ್ಳಾಗಿರಲಿಲ್ಲ. ಅದೇ ಕಷ್ಟ. ಪೂರ್ತಿ ಸುಳ್ಳಾದರೆ ಹರಿದ ಕೈಗವಸಿನ ಹಾಗೆ ಕಣ್ಣಿಗೇ ಕಾಣುತ್ತದೆ. "ನೀನೇ ದೊಡ್ಡಕ್ಕಂಗೆ ಫೋನ್ ಮಾಡಿ, ಬೇಕಿದ್ರೆ ಬರ್ತೀನಿ ಅನ್ನು. ನಾನೇನು ಬೇಡ ಅಂದ್ನಾ? ಆದ್ರೆ ಮನೆ ಕಡೆ ಹೆಂಗೆ ಅಂತ ನೀನೇ ಯೋಚನೆ ಮಾಡಿ ಒಂದು ವ್ಯವಸ್ಥೆ ಮಾಡು."

ಅವಳು ಕಾರಿನಿಂದ ಇಳಿದಳು. ಅವನ ಕಾಲು ಇನ್ನೂ ಬ್ರೇಕಿನ ಮೇಲೇ ಇತ್ತು.

ಶನಿವಾರವೂ ಭಾನುವಾರವೂ ಮನೆಯಲ್ಲಿ ಎಲ್ಲರೂ ಅವಳ ಮುಖ ನೋಡಿ ಮಾತಾಡಿದರು. ಮಗಳು ಎರಡು ಸಲ "ಅಮ್ಮ, ನಿನ್ನ ಪದ ಅದೇನಾ, ಬೇರೆ ಇಡ್ತೀಯಾ?" ಎಂದು ಕೇಳಿದಳು. ಅವಳು ಎರಡು ಸಲವೂ "ನೋಡೋಣ" ಎಂದಳು. ಹೇಳಿದರೆ ಅದನ್ನೂ ಎಲ್ಲರೂ ಸೇರಿ ಚೆನ್ನಾಗಿದೆ ಎನ್ನುತ್ತಾರೆ; ಆಮೇಲೆ ಅದು ಮೇಜಿನ ಮೇಲಿನ ಮಾತಾಗಿ ಹೋಗುತ್ತದೆ. ಸಿಂಕಿನಲ್ಲಿ ಪಾತ್ರೆ ಬಿದ್ದಿರುತ್ತದೆ.

ಸೋಮವಾರ ಅಲಾರಂ ಹೊಡೆಯುವ ಮುಂಚೆಯೇ ಎಚ್ಚರವಾಯಿತು. ಎಲ್ಲರೂ ಮಲಗಿದ್ದರು. ಗಂಡ ಬಾಯಿ ತೆರೆದುಕೊಂಡು, ಒಂದು ಕೈಯನ್ನು ಅವಳ ದಿಂಬಿನ ಮೇಲೆ ಚಾಚಿ ನಿದ್ದೆ ಮಾಡುತ್ತಿದ್ದ. ಅವನ ನೆಮ್ಮದಿಗೆ ಏನೂ ಕೊರತೆಯಿರಲಿಲ್ಲ.

ಅಡುಗೆಮನೆಯ ದೀಪ ಹಾಕಿದಳು. ಕೈ ತಾನಾಗಿ ನೀರಿನ ಪಾತ್ರೆಯ ಕಡೆ ಹೋಯಿತು, ತಾನಾಗಿ ಒಲೆಯ ಮೇಲಿಟ್ಟಿತು. ಅಲ್ಲಿ ಕೈಯನ್ನು ನಿಲ್ಲಿಸಿದಳು. ಒಂದೊಂದು ಕೆಲಸದ ಮುಂದೆಯೂ ಹೋಗಿ ನಿಂತಳು. ಬಾಗಿಲ ಬಳಿ ಬಿಳಿ ಬೂಟು. ಎತ್ತಿ ನೋಡಿದಳು, ಅಡಿಯಲ್ಲಿ ರಸ್ತೆಯ ಗುರುತೇ ಇರಲಿಲ್ಲ. ಹಾಗೇ ಇಟ್ಟಳು. ತರಕಾರಿಯ ಎರಡನೇ ಪಾತ್ರೆಯನ್ನು ಕಪಾಟಿನಿಂದ ತೆಗೆಯಲಿಲ್ಲ. ನೆನೆದ ಕಾಳು ನೆನೆದಲ್ಲೇ ಇರಲಿ. ಕುಂಡಗಳ ಮುಂದೆ ಸ್ವಲ್ಪ ಹೊತ್ತು ನಿಂತಳು. ಗಿಡಗಳು ಯಾರ ಆಶಯವನ್ನೂ ಕೇಳಿಕೊಂಡು ಬಂದವಲ್ಲ. ಅವುಗಳಿಗೆ ನೀರು ಹಾಕಿದಳು. ಸಿಂಕಿನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದರೆ ಕೈ ತಡೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಉಳಿದದ್ದು ಕಣ್ಣಿನ ಹನಿ. ಅದು ಸುಳ್ಳು ಕೆಲಸವಲ್ಲ. ಅತ್ತೆಯನ್ನು ಈಗ ಎಬ್ಬಿಸಿ ತಾನೇ ಹನಿ ಬಿಟ್ಟು ಹೋಗಬಹುದು. ಹಾಗೆ ಹೋದರೆ ನಾಳೆಯೂ ಎಬ್ಬಿಸಬೇಕು, ನಾಡಿದ್ದೂ. ಹನಿಯ ಹಿಂದೆಯೇ ಫ್ಲಾಸ್ಕು ಬರುತ್ತದೆ, ಫ್ಲಾಸ್ಕಿನ ಹಿಂದೆ ಬೂಟು. ಗಂಡನಿಗೆ ಬಿಟ್ಟು ಹೋದರೆ? ಅವನು ಮರೆತರೆ ಕೆಡುವುದು ಅವನ ಕಣ್ಣಲ್ಲ. ಅವನು ಮರೆಯುತ್ತಾನೋ ಇಲ್ಲವೋ, ಅದನ್ನು ಒತ್ತಿ ನೋಡಿ ತಿಳಿಯುವ ದಾರಿ ಅವಳಿಗಿರಲಿಲ್ಲ. ಇಷ್ಟು ವರ್ಷದಲ್ಲಿ ಪರೀಕ್ಷೆ ಮಾಡದೆ ಅವಳು ಯಾವುದನ್ನೂ ಕೈಬಿಟ್ಟವಳಲ್ಲ.

ಔಷಧದ ಪುಟ್ಟ ಸೀಸೆಯನ್ನು ಹಿಡಿದುಕೊಂಡು ಮಲಗುವ ಕೋಣೆಗೆ ಹೋದಳು. ಅಲಾರಂ ಗಡಿಯಾರ ಮದುವೆಯಾದಂದಿನಿಂದ ಮಂಚದ ಅವಳ ಕಡೆಯಲ್ಲೇ ಇತ್ತು. ಅದನ್ನು ಎತ್ತಿ, ಮುಳ್ಳನ್ನು ಹನಿ ಬಿಡುವ ಹೊತ್ತಿಗೆ ತಿರುಗಿಸಿ, ಮಂಚದ ಆ ಕಡೆಗೆ ಸುತ್ತಿ ಹೋಗಿ ಅವನ ತಲೆಯ ಹತ್ತಿರ ಇಟ್ಟಳು. ಸೀಸೆಯನ್ನು ಅದರ ಮುಂದೆ, ಕೈ ಚಾಚಿದರೆ ಮೊದಲು ತಗಲುವ ಹಾಗೆ. ಎಬ್ಬಿಸಿ ಹೇಳೋಣವೇ ಎಂದು ಒಂದು ಕ್ಷಣ ಅನ್ನಿಸಿತು. ಹೇಳಲಿಲ್ಲ. ಕಾರ್ಖಾನೆಯಿಂದ ಫೋನ್ ಮಾಡಿ ಕೇಳುವುದೂ ಇಲ್ಲ ಎಂದುಕೊಂಡಳು. ಅತ್ತೆಗೆ ಬಾಯಿದೆ, ಉಪ್ಪು ಕೇಳುವ ಬಾಯಿ ಹನಿಯನ್ನೂ ಕೇಳುತ್ತದೆ.

ಒಲೆಯ ಮೇಲೆ ಇಟ್ಟ ನೀರು ಹಾಗೇ ಇತ್ತು. ಒಲೆ ಹೊತ್ತಿಸಿ ಟೀ ಮಾಡಿದಳು, ಸಕ್ಕರೆ ಜಾಸ್ತಿ ಹಾಕಿ, ತನಗೆ ಬೇಕಾದ ಹಾಗೆ. ಫ್ಲಾಸ್ಕನ್ನು ಬಗ್ಗಿಸಿ ಹಳೆಯ ನೀರು ಚೆಲ್ಲಿ ಟೀ ತುಂಬಿದಳು. ಮುಚ್ಚಳ ತಿರುಗಿಸಿ, ರೂಢಿಯಂತೆ ಕೆನ್ನೆಗೆ ಹಿಡಿದು ನೋಡಿದಳು.

ಆಮೇಲೆ ಅದನ್ನು ಚೀಲಕ್ಕೆ ಹಾಕಿಕೊಂಡು, ಬಾಗಿಲು ಎಳೆದುಕೊಂಡು, ಕತ್ತಲಲ್ಲಿ ಮೆಟ್ಟಿಲಿಳಿದಳು.